ಅಮೆರಿಕಕ್ಕೆ ಎರಡು ಸದನ ಬಂದ ಕಥೆ ಹೇಳ್ಕೊಡೋದು ಹೇಗೆ?

ಅಮೆರಿಕದ ಕಾಂಗ್ರೆಸ್ಸಲ್ಲಿ (ಅಂದ್ರೆ ಅಲ್ಲಿನ ಸಂಸತ್ತಲ್ಲಿ) ಎರಡು ಸದನ ಯಾಕೆ ಅಂದ್ರೆ ಸುಮಾರು ಜನ "ಒಂದು ಜನರಿಗೆ, ಒಂದು ರಾಜ್ಯಗಳಿಗೆ" ಅಂದು ಕೈತೊಳ್ಕೊಂಡುಬಿಡ್ತಾರೆ, ಕೇಳಿದವ್ರಿಗೆ ಯಾರೋ ಜಾಣರು ನೆಮ್ಮದಿಯಾಗಿ ಕೂತು ನಕ್ಷೆ ಹಾಕಿದ್ರು ಅನ್ಸುತ್ತೆ. ಹಾಗೆ ಹೇಳ್ಕೊಡ್ಬೇಡಿ.

ಮೊದಲು ಈಗಿನ ಸಂವಿಧಾನಕ್ಕೆ ಮುಂಚಿನ ಹಳೇ ವ್ಯವಸ್ಥೆ: ಒಂದೇ ಸದನ, ರಾಜ್ಯಕ್ಕೊಂದು ವೋಟು. ಇಷ್ಟು ಸಾಕು.

ಆಮೇಲೆ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಭೆಯ ಎರಡು ಪ್ಲಾನ್ ಅಕ್ಕಪಕ್ಕ ಬರೀರಿ. ವರ್ಜೀನಿಯಾದ್ದು ಎರಡು ಸದನ, ಎರಡರಲ್ಲೂ ಜನಸಂಖ್ಯೆ ಇಲ್ಲಾ ತೆರಿಗೆ ಪಾಲಿನ ಲೆಕ್ಕದಲ್ಲಿ ಸೀಟು. ನ್ಯೂಜೆರ್ಸಿದು ಒಂದೇ ಸದನ, ಎಲ್ರಿಗೂ ಸಮ. ನೋಡಿ, ಎರಡು ಸದನ ಅನ್ನೋದು ಮೊದಲೇ ವರ್ಜೀನಿಯಾ ಪ್ಲಾನಲ್ಲಿತ್ತು, ರಾಜಿ ಆಗಿದ್ದು ಸೀಟು ಹಂಚೋದ್ರಲ್ಲಿ.

ಈಗ ಎಲ್ರೂ ಎಡವೋ ಜಾಗ. ಬಾಣದ ಗುರುತು ಹಾಕಿ "ದೊಡ್ಡ ರಾಜ್ಯ + ಸಣ್ಣ ರಾಜ್ಯ = ರಾಜಿ" ಅನ್ನೋ ರೆಡಿಮೇಡ್ ನೋಟ್ಸ್ ಇರ್ತಾವಲ್ಲ, ದಯವಿಟ್ಟು ಮುಟ್ಬೇಡಿ, ವೋಟಿನ ಲೆಕ್ಕಾನೇ ಬರೀರಿ (ಈ ಸಭೇಲೂ ರಾಜ್ಯಕ್ಕೊಂದೇ ವೋಟು). ಕೆಳಮನೆ ಜನಸಂಖ್ಯೆ ಪ್ರಕಾರ, ಮೇಲ್ಮನೆ ಸಮ ಅಂತ ಕನೆಕ್ಟಿಕಟ್‌ನ ರೋಜರ್ ಶೆರ್ಮನ್ ಜೂನ್ 11ಕ್ಕೇ ಹೇಳಿದ್ರು, ಅವತ್ತು ಮೇಲ್ಮನೆ ಸಮಪಾಲು ಬಿದ್ದೋಯ್ತು. ಜುಲೈ 2ಕ್ಕೆ ಮತ್ತೆ ವೋಟು, 5-5, ಜಾರ್ಜಿಯಾದವರು ತಮ್ಮಲ್ಲೇ ಒಡೆದೋದ್ರು. ಸಭೆ ಅಲ್ಲಿಗೇ ಸಿಕ್ಕಾಕ್ಕೊಂಡಿತು. ರಾಜ್ಯಕ್ಕೊಬ್ಬರಂತೆ ಒಂದು ಸಮಿತಿ ಮಾಡಿದ್ರು, ಅದು ದೊಡ್ಡ ರಾಜ್ಯಗಳ ಬಾಯಿಗೆ ಸ್ವಲ್ಪ ಸಿಹಿ ಹಾಕ್ತು: ಹಣದ ಮಸೂದೆ ಕೆಳಮನೇಲೇ ಹುಟ್ಬೇಕು, ಮೇಲ್ಮನೆ ತಿದ್ದೋ ಹಾಗಿಲ್ಲ (ತಿದ್ದಬಾರದು ಅನ್ನೋದನ್ನ ಆಮೇಲೆ ಸಡಿಲ ಮಾಡಿದ್ರು). ಜುಲೈ 16ಕ್ಕೆ ಪಾಸಾಯ್ತು, 5-4. ಒಂದೇ ವೋಟಿನ ಅಂತರ! ಮ್ಯಾಸಚೂಸೆಟ್ಸ್ ಒಡೆದಿತ್ತು, ನ್ಯೂಯಾರ್ಕ್‌ನವರು ಎದ್ದೋಗಿದ್ರು, ನ್ಯೂಹ್ಯಾಂಪ್‌ಶೈರ್ ಇನ್ನೂ ಬಂದಿರ್ಲಿಲ್ಲ, ರೋಡ್ ಐಲೆಂಡ್ ಬರ್ಲೇ ಇಲ್ಲ. ಯಾರು ಗೈರು ಅನ್ನೋ ಪಟ್ಟಿ ಬಿಟ್ರೆ ಈ 5-4 ಅರ್ಥಾನೇ ಆಗಲ್ಲ.

ಇನ್ನೊಂದನ್ನ ಮುಜುಗರ ಅಂತ ಹಾರಿಸ್ಬಿಡ್ತಾರೆ: ಗುಲಾಮರಲ್ಲಿ ಐದರಲ್ಲಿ ಮೂರು ಪಾಲನ್ನ ಜನಸಂಖ್ಯೆಗೆ ಸೇರಿಸಿದ್ದು. ಅವ್ರಿಗೆ ವೋಟಿಲ್ಲ, ಅವ್ರ ಲೆಕ್ಕದಲ್ಲಿ ದಕ್ಷಿಣದ ರಾಜ್ಯಗಳಿಗೆ ಸೀಟು. ಇದೂ ಅದೇ ಜುಲೈ 16ರ ಪ್ಯಾಕೇಜಲ್ಲೇ ಇತ್ತು, ಬೇರೆ ಅಧ್ಯಾಯ ಮಾಡ್ಬೇಡಿ.

ಕೊನೇಗೆ ಇವತ್ತಿನ ಲೆಕ್ಕ: ಕೆಳಮನೇಲಿ 435 ಸೀಟು, ಮೇಲ್ಮನೆ ಅಂದ್ರೆ ಸೆನೆಟ್‌ನಲ್ಲಿ 100. ಸೆನೆಟರ್‌ಗಳನ್ನ ಜನರೇ ಆರಿಸೋದು 1913ರ ತಿದ್ದುಪಡಿಯಿಂದ, ಅದಕ್ಕೆ ಮುಂಚೆ ರಾಜ್ಯ ಶಾಸಕಾಂಗಗಳು ಆರಿಸ್ತಿದ್ವು. ಜನ ತುಂಬಿರೋ ಕ್ಯಾಲಿಫೋರ್ನಿಯಾಗೂ ಇಬ್ರು ಸೆನೆಟರ್, ಜನ ತೀರಾ ಕಮ್ಮಿ ಇರೋ ವಯೋಮಿಂಗ್‌ಗೂ ಇಬ್ರು ಅಂದ ತಕ್ಷಣ "ಇದನ್ನ ಬದಲಾಯಿಸೋಕಾಗಲ್ವಾ" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆಗ ಸಂವಿಧಾನದ 5ನೇ ವಿಧಿ ತೋರಿಸಿ: ಯಾವ ರಾಜ್ಯದ ಸಮಪಾಲನ್ನೂ ಆ ರಾಜ್ಯ ಒಪ್ಪದೆ ಕಿತ್ಕೊಳ್ಳೋ ಹಾಗಿಲ್ಲ.