ಅಲಾಸ್ಕಾದ ವಸಂತಕಾಲದ ಹವಾಮಾನ ಮುನ್ನೋಟ: ನಕ್ಷೆಯನ್ನು ಓದುವುದು ಹೇಗೆ?

ರಾತ್ರಿಯ ಆಕಾಶದಲ್ಲಿ ಮಿನುಗುವ ಉತ್ತರದ ಬೆಳಕನ್ನು (ಅರೋರಾ) ನೋಡಲೆಂದು ಅಲಾಸ್ಕಾದ ಒಳನಾಡಿನ ಫೇರ್‌ಬ್ಯಾಂಕ್ಸ್‌ಗೆ ಹೊರಡುವ ಪರಿಚಿತರು ಅಮೆರಿಕದ ಹವಾಮಾನ ಮುನ್ನೋಟದ ಬಣ್ಣದ ನಕ್ಷೆಯನ್ನು ನನಗೆ ಕಳುಹಿಸಿ, ‘ಈ ಸಲ ಅಲ್ಲಿ ಶೇ 40ರಷ್ಟು ಸೆಕೆ ಹೆಚ್ಚಂತೆ, ದಪ್ಪ ಕೋಟು ಬೇಡವಲ್ಲವೇ?’ ಎಂದು ಕೇಳುವುದುಂಟು. ಹಾಗೆ ನಂಬಿ ಮಾರ್ಚ್‌ನಲ್ಲಿ ತೆಳು ಜಾಕೆಟ್ಟಿನಲ್ಲಿ ಹೋದ ಒಬ್ಬರು, ಮೊದಲ ರಾತ್ರಿಯೇ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲಿ ನಿಲ್ಲಲಾಗದೆ ಆಕಾಶವನ್ನೂ ನೋಡದೆ ಕೋಣೆಗೆ ಮರಳಿದರು. ನಕ್ಷೆ ಸುಳ್ಳು ಹೇಳಿರಲಿಲ್ಲ. ಓದಿದ ಬಗೆ ತಪ್ಪಾಗಿತ್ತು.

ಮೊದಲು ಸರಿಯಾದ ನಕ್ಷೆಯನ್ನು ತೆಗೆದುಕೊಳ್ಳಿ. ಅಮೆರಿಕದ ಕ್ಲೈಮೇಟ್ ಪ್ರೆಡಿಕ್ಷನ್ ಸೆಂಟರ್ ಪ್ರತಿ ತಿಂಗಳ ಮೂರನೇ ಗುರುವಾರ ಮೂರು ತಿಂಗಳ ಮುನ್ನೋಟವನ್ನು ಹೊರಡಿಸುತ್ತದೆ. ಮಾರ್ಚ್‌ನಿಂದ ಮೇವರೆಗಿನದು ಫೆಬ್ರುವರಿಯಲ್ಲಿ ಬರುತ್ತದೆ.

ಎರಡನೆಯದಾಗಿ, ನೀವು ಹೋಗುವ ಊರನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಅಲಾಸ್ಕಾ ಕರ್ನಾಟಕದ ಸುಮಾರು ಒಂಬತ್ತು ಪಟ್ಟು ದೊಡ್ಡದು. ಆಗ್ನೇಯದ ಜೂನೋದ ಮಳೆಗೂ ಉತ್ತರ ತುದಿಯ ಉಟ್ಕಿಯಾಗ್ವಿಕ್‌ನ ಹೆಪ್ಪುಗಟ್ಟಿದ ಕಡಲಿಗೂ ಒಳನಾಡಿನ ಫೇರ್‌ಬ್ಯಾಂಕ್ಸ್‌ಗೂ ಹೋಲಿಕೆಯೇ ಇಲ್ಲ.

ಮೂರನೆಯದು ಬಣ್ಣಗಳನ್ನು ಓದುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ, ಅದಕ್ಕೆ ಕಾರಣವೂ ಇದೆ. ನಮ್ಮ ಹವಾಮಾನ ಇಲಾಖೆ ಮುಂಗಾರಿನ ಬಗ್ಗೆ ‘ದೀರ್ಘಾವಧಿ ಸರಾಸರಿಯ ಶೇ 106’ ಎಂದಾಗ ಅದು ಮಳೆಯ ಪ್ರಮಾಣ. ಆ ಲೆಕ್ಕಕ್ಕೆ ನಮ್ಮ ಕಿವಿ ಒಗ್ಗಿಹೋಗಿದೆ. ಅಲಾಸ್ಕಾದ ಮೇಲೆ ಕಿತ್ತಳೆ ಬಣ್ಣದಲ್ಲಿ ಬರೆದ 40 ಎಂಬುದು ಪ್ರಮಾಣವಲ್ಲ, ಸಾಧ್ಯತೆ. ಇದನ್ನು ಹೀಗೆ ಲೆಕ್ಕ ಹಾಕಿ: 1991ರಿಂದ 2020ರವರೆಗಿನ ಮೂವತ್ತು ವಸಂತಗಳನ್ನು ಚಳಿಯಿಂದ ಬೆಚ್ಚಗಿನದರ ಕಡೆಗೆ ಸಾಲಾಗಿ ನಿಲ್ಲಿಸಿ, ಹತ್ತು ಹತ್ತರಂತೆ ಮೂರು ಗುಂಪು ಮಾಡಿ. ಮೊದಲ ಹತ್ತು ವಾಡಿಕೆಗಿಂತ ತಂಪು, ನಡುವಿನ ಹತ್ತು ವಾಡಿಕೆ, ಕೊನೆಯ ಹತ್ತು ವಾಡಿಕೆಗಿಂತ ಬೆಚ್ಚಗೆ. ಏನೂ ತಿಳಿಯದಿದ್ದರೆ ಮುಂದಿನ ವಸಂತವು ಯಾವುದೇ ಗುಂಪಿಗೆ ಸೇರುವ ಸಾಧ್ಯತೆ ಸುಮಾರು ಶೇ 33. ನಕ್ಷೆಯಲ್ಲಿ 40 ಇದ್ದರೆ ಬೆಚ್ಚಗಿನ ಗುಂಪಿಗೆ ಶೇ 40, ನಡುವಿನದಕ್ಕೆ ಶೇ 33, ತಂಪಿನ ಗುಂಪಿಗೆ ಇನ್ನೂ ಶೇ 27 ಉಳಿದಿರುತ್ತದೆ. ಅಂದರೆ ಅಂಥ ನಾಲ್ಕು ವಸಂತಗಳಲ್ಲಿ ಒಂದಾದರೂ ವಾಡಿಕೆಗಿಂತ ತಣ್ಣಗಿರುವುದನ್ನು ನಿರೀಕ್ಷಿಸಬೇಕು. ಬಿಳಿಯ ಭಾಗವನ್ನು ‘ವಾಡಿಕೆಯಂತೆ ಇರುತ್ತದೆ’ ಎಂದು ಓದುವುದೂ ತಪ್ಪು. ಮೂರೂ ಸಾಧ್ಯತೆಗಳು ಸಮ ಎಂಬುದಷ್ಟೇ ಅದರ ಅರ್ಥ.

ಬಣ್ಣ ಗಾಢವಾದಷ್ಟೂ ಸೆಕೆ ಹೆಚ್ಚೆಂದಲ್ಲ, ಭರವಸೆ ಹೆಚ್ಚೆಂದು ತಿಳಿಯಬೇಕು. ಎಷ್ಟು ಡಿಗ್ರಿ ಹೆಚ್ಚು ಎಂಬುದನ್ನು ಈ ನಕ್ಷೆ ಹೇಳುವುದೇ ಇಲ್ಲವಾದ್ದರಿಂದ, ಪಕ್ಕದಲ್ಲಿ ಆ ಊರಿನ ವಾಡಿಕೆಯನ್ನು ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಏಪ್ರಿಲ್‌ನಲ್ಲಿ ಫೇರ್‌ಬ್ಯಾಂಕ್ಸ್‌ನ ಹಗಲಿನ ಗರಿಷ್ಠ ಉಷ್ಣಾಂಶ ಸರಾಸರಿ 7 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಅದಕ್ಕಿಂತ ಎರಡು ಡಿಗ್ರಿ ಬೆಚ್ಚಗಾದರೂ ನಮ್ಮವರಿಗೆ ಅದು ಚಳಿಯೇ. ದಪ್ಪ ಕೋಟು ಬೇಕೇ ಬೇಕು.

ಮಳೆ ಮತ್ತು ಹಿಮದ ನಕ್ಷೆಯನ್ನು ಫೇರ್‌ಬ್ಯಾಂಕ್ಸ್‌ಗೆ ಹೋಗುವ ಪ್ರವಾಸಿಗರು ಬಿಟ್ಟುಬಿಡಬಹುದು. ಇಡೀ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಬೀಳುವ ಆ ಊರಿನಲ್ಲಿ ವಸಂತದ ಆರಂಭವೇ ಅತಿ ಒಣಗಿದ ಕಾಲ. ಅಲ್ಪದರಲ್ಲಿ ಸ್ವಲ್ಪ ಹೆಚ್ಚಾದರೆ ಪ್ರಯಾಣಕ್ಕೆ ಏನೂ ಆಗದು.

ದಿನ ದಿನದ ಉಷ್ಣಾಂಶವನ್ನು ನಲವತ್ತೈದು ದಿನ ಮೊದಲೇ ತೋರಿಸುವ ಮೊಬೈಲ್ ಆ್ಯಪ್‌ಗಳನ್ನು ದಯವಿಟ್ಟು ನಂಬಬೇಡಿ. ಹತ್ತು ದಿನಗಳಾಚೆಗೆ ಅವು ಕೊಡುವ ಅಂಕಿಗಳಿಗೆ ಒಂದೊಂದು ದಿನದ ಮಟ್ಟಿಗೆ ಭದ್ರವಾದ ಆಧಾರವಿಲ್ಲ. ಋತುವಿನ ಮುನ್ನೋಟಕ್ಕಾದರೋ ಪೆಸಿಫಿಕ್ ಸಾಗರದ ಆಧಾರವಿದೆ: ಸಮಭಾಜಕದ ಬಳಿ ಅದರ ನೀರು ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ಇದ್ದಾಗ ಅಲಾಸ್ಕಾದ ಚಳಿಗಾಲವೂ ಅದರ ಬೆನ್ನಿಗೆ ಬರುವ ವಸಂತವೂ ಬೆಚ್ಚಗಿನ ಕಡೆಗೆ, ಆ ನೀರು ತಣ್ಣಗಾಗುವ ಲಾ ನಿನಾ ಇದ್ದಾಗ ತಂಪಿನ ಕಡೆಗೆ ವಾಲುವುದು ಹೆಚ್ಚು.

ಕೊನೆಯದು ನದಿ. ಅಲ್ಲಿಯವರು ವಸಂತ ಬಂದಿತೆನ್ನುವುದು ಹೂವನ್ನು ನೋಡಿ ಅಲ್ಲ, ನದಿಯ ಮಂಜುಗಡ್ಡೆ ಒಡೆಯುವ ‘ಬ್ರೇಕಪ್’ ನೋಡಿ. ತಾನಾನಾ ನದಿಯ ದಡದ ನೆನಾನಾದಲ್ಲಿ ಮಂಜುಗಡ್ಡೆಯ ಮೇಲೆ ಮರದ ಕಂಬಗಳ ಗುರುತನ್ನು ನಿಲ್ಲಿಸಿ, ಅದು ಯಾವ ನಿಮಿಷಕ್ಕೆ ಸರಿಯುತ್ತದೆಂದು 1917ರಿಂದಲೂ ಪಣ ಕಟ್ಟುತ್ತಿರುವುದರಿಂದ ಒಂದು ಶತಮಾನಕ್ಕೂ ಮಿಕ್ಕ ದಾಖಲೆ ಉಳಿದಿದೆ. ಅದರಲ್ಲಿ 2019ರ ಏಪ್ರಿಲ್ 14 ಅತಿ ಬೇಗನೆಯ ದಿನ, 2013ರ ಮೇ 20 ಅತಿ ತಡವಾದದ್ದು.

ಮೂರು ತಿಂಗಳ ಸರಾಸರಿ ಮುಚ್ಚಿಡುವ ಸಂಗತಿ ಇಲ್ಲಿದೆ. ಏಪ್ರಿಲ್ ಮೆಲ್ಲಗೆ ಬೆಚ್ಚಗಾದರೆ ಮಂಜುಗಡ್ಡೆ ಇದ್ದಲ್ಲೇ ಕೊಳೆತಂತೆ ಕರಗುತ್ತದೆ. ಏಪ್ರಿಲ್ ಪೂರ್ತಿ ಚಳಿ ಹಿಡಿದು, ಮೇ ತಿಂಗಳಲ್ಲಿ ಒಮ್ಮೆಲೇ ಬಿಸಿಲೇರಿದರೆ, ಮೇಲ್ದಂಡೆಯ ಹಿಮವೆಲ್ಲ ಒಟ್ಟಿಗೆ ಕರಗಿ ನುಗ್ಗಿ, ಇನ್ನೂ ಗಟ್ಟಿಯಾಗಿರುವ ಮಂಜುಗಡ್ಡೆಯನ್ನು ಒಡೆದು ತಿರುವುಗಳಲ್ಲಿ ಅಣೆಕಟ್ಟಿನಂತೆ ಪೇರಿಸುತ್ತದೆ. 2013ರ ಮೇ ಕೊನೆಯಲ್ಲಿ ಯೂಕಾನ್ ನದಿಯ ಗಲೀನಾ ಮುಳುಗಿ ಜನ ಊರು ಬಿಡಬೇಕಾದದ್ದು ಹೀಗೆಯೇ. ಎರಡು ಬಗೆಯ ವಸಂತಗಳಿಗೂ ಮೂರು ತಿಂಗಳ ಸರಾಸರಿ ಒಂದೇ ಬರಬಹುದು. ಆದ್ದರಿಂದ ನದಿ ದಡದ ಹಳ್ಳಿಗೆ ಹೋಗುವವರು ಏಪ್ರಿಲ್ ಮತ್ತು ಮೇ ತಿಂಗಳುಗಳ ಮುನ್ನೋಟವನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಒಂದು ತಿಂಗಳ ಮುನ್ನೋಟವನ್ನು ಹಿಂದಿನ ತಿಂಗಳ ಕೊನೆಯ ದಿನ ಪರಿಷ್ಕರಿಸುತ್ತಾರೆ. ನೋಡಬೇಕಾದದ್ದು ಆ ಪರಿಷ್ಕೃತ ನಕ್ಷೆಯನ್ನೇ. ಮೇ ಬಂದ ಮೇಲೆ ಅದನ್ನೂ ಬದಿಗಿಟ್ಟು, ಹಿಮದೊಳಗಿನ ನೀರಿನ ಅಳತೆ, ಮಂಜುಗಡ್ಡೆಯ ದಪ್ಪ ಮತ್ತು ವಿಮಾನದಿಂದ ನದಿಯನ್ನು ನೋಡಿ ಬಂದವರ ವರದಿಗಳನ್ನು ಸೇರಿಸಿ ಅಲಾಸ್ಕಾ–ಪೆಸಿಫಿಕ್ ರಿವರ್ ಫೋರ್‌ಕಾಸ್ಟ್ ಸೆಂಟರ್ ಪ್ರಕಟಿಸುವ ಬ್ರೇಕಪ್ ಮಾಹಿತಿಯನ್ನು ಪ್ರತಿದಿನ ಬೆಳಿಗ್ಗೆ ಓದಿ.