ಆಮ್‌ಸ್ಟರ್‌ಡ್ಯಾಮ್ 1941–43: ಸ್ನೇಹದ್ರೋಹದ ಕಾದಂಬರಿಗೆ ನಾನು ಮಾಡಿಕೊಂಡ ತಯಾರಿ

ಇಬ್ಬರು ಗೆಳತಿಯರು, ಒಬ್ಬಳು ಯಹೂದಿ. ಕಥೆ ಇಷ್ಟೇ ಇದ್ದಾಗಲೇ ನಾಜಿ ಆಜ್ಞೆಗಳ ತಾರೀಖು ಪಟ್ಟಿ ಮಾಡಿಕೊಂಡೆ. ಯಾವ ದಿನದಿಂದ ಏನು ನಿಷೇಧ ಎಂಬುದು ಗೊತ್ತಿಲ್ಲದೆ ಅವರು ಎಲ್ಲಿ ಸೇರಬಹುದು ಎಂಬುದೇ ತಿಳಿಯದು. 1941ರ ಬೇಸಿಗೆ ರಜೆಯ ನಂತರ ಯಹೂದಿ ಮಕ್ಕಳಿಗೆ ಬೇರೆ ಶಾಲೆ. ಒಂದೇ ಬೆಂಚಿನ ದೃಶ್ಯಗಳು ಅದಕ್ಕೆ ಮುಂಚೆಯೇ ಮುಗಿಯಬೇಕು. 1942ರ ಮೇ 3ರಿಂದ ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಧರಿಸಲೇಬೇಕು. ಜೂನ್ 30ರ ಆಜ್ಞೆ ಬಂದ ಮೇಲೆ ರಾತ್ರಿ 8ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಕಾಲಿಡುವಂತಿಲ್ಲ, ಟ್ರಾಮ್ ಹತ್ತುವಂತಿಲ್ಲ, ಯಹೂದಿಯಲ್ಲದವರ ಮನೆಗೆ ಹೋಗುವಂತಿಲ್ಲ.

ಆ 8 ಗಂಟೆಯ ವಿಷಯದಲ್ಲಿ ಎಚ್ಚರ ಬೇಕು. 1940ರ ಮೇ ತಿಂಗಳಲ್ಲಿ ಜರ್ಮನ್ನರು ನೆದರ್‌ಲೆಂಡ್ಸಿನ ಗಡಿಯಾರಗಳನ್ನು 1 ಗಂಟೆ 40 ನಿಮಿಷ ಮುಂದಿಟ್ಟು ಬರ್ಲಿನ್ ಸಮಯಕ್ಕೆ ಹೊಂದಿಸಿದ್ದರು. ಹಾಗಾಗಿ ಜುಲೈ ಆರಂಭದಲ್ಲಿ ಹೊತ್ತು ಮುಳುಗುವುದು 10ರ ಹೊತ್ತಿಗೆ. ಕರ್ಫ್ಯೂ ಶುರುವಾದರೂ ಬೀದಿಯಲ್ಲಿ ಚೆನ್ನಾಗಿ ಬೆಳಕಿರುತ್ತದೆ. ಕತ್ತಲಲ್ಲಿ ಬಂದು ಬಾಗಿಲು ತಟ್ಟುವ ದೃಶ್ಯ ನಡೆಯದು. ಎದುರುಮನೆಯವರು ಕಿಟಕಿಯಿಂದ ನೋಡಿಯೇ ನೋಡುತ್ತಾರೆ. ಕಥೆಯ ಮೊದಲ ಅನುಮಾನವನ್ನು ಆ ಕಿಟಕಿಯಲ್ಲೇ ಇಟ್ಟೆ.

ಯಹೂದಿ ಗೆಳತಿಯನ್ನು ಮನೆಯಲ್ಲಿ ಅಡಗಿಸಿಟ್ಟ ಮೇಲೆ ಸ್ನೇಹ ಸವೆಯುವುದು ಅಡುಗೆಮನೆಯಲ್ಲಿ. ಅಡಗಿದವರ ಹೆಸರಿಗೆ ರೇಷನ್ ಸಿಗದು. ನಾಲ್ವರ ಬ್ರೆಡ್ಡನ್ನು ಐವರು ಹಂಚಿಕೊಳ್ಳಬೇಕು. ಕಾಳಸಂತೆಗೆ ಹೋದರೆ ಕೈ ಬರಿದು, ಅಂಗಡಿಯಲ್ಲಿ ಹೆಚ್ಚು ಕೇಳಿದರೆ ಪ್ರಶ್ನೆ. ಈ ಭಾಗಕ್ಕೆ ಧಾರಾಳವಾಗಿ ಪುಟ ಕೊಡಿ. ಇಲ್ಲಿ ಅವಸರ ಮಾಡಿದರೆ ಮುಂದಿನ ದ್ರೋಹವನ್ನು ಓದುಗರು ನಂಬುವುದಿಲ್ಲ.

ದ್ರೋಹವನ್ನು 1943ರ ಮೇ ತಿಂಗಳಿಗೆ ಇಟ್ಟೆ. ಆ ವರ್ಷದ ಮಾರ್ಚ್‌ನಿಂದ ಹೆನೈಕೆ ಪಡೆ ಎಂಬ ಡಚ್ಚರದೇ ಗುಂಪು ತಲೆಗೆ ಏಳೂವರೆ ಗಿಲ್ಡರ್‌ನಂತೆ (ಆಗಿನ ಡಚ್ ನಾಣ್ಯ) ಯಹೂದಿಗಳನ್ನು ಹುಡುಕಿ ಒಪ್ಪಿಸುತ್ತಿತ್ತು. ಆದರೂ ಗೆಳತಿಗೆ ದುಡ್ಡೊಂದನ್ನೇ ಕಾರಣವಾಗಿ ಕೊಟ್ಟರೆ ಪಾತ್ರಕ್ಕೆ ಜೀವ ಬರುವುದಿಲ್ಲ. ಅಡಗಿಸಿದ್ದಕ್ಕೆ ಅಪ್ಪ ಜೈಲು ಸೇರಿಯಾನೆಂಬ ಭಯ, ವಿಚಾರಣೆಯಲ್ಲಿ ಬಾಯಿಂದ ಜಾರಿದ ಒಂದು ಬೀದಿಯ ಹೆಸರು, ಇಷ್ಟೇ ಸಾಕು.

ಸಿಕ್ಕಿಬಿದ್ದವಳ ದಾರಿಯನ್ನು ಮಸುಕಾಗಿ ಬಿಡಬಾರದು. ಮೊದಲು ಹಿಡಿದವರನ್ನು ಕೂಡಿಹಾಕುತ್ತಿದ್ದ ನಗರದ ನಾಟಕಶಾಲೆ ಹೊಲಾಂಡ್ಸೆ ಸ್ಕೌಬುರ್ಖ್, ಆಮೇಲೆ ಗಡೀಪಾರಿಗೆ ಮುನ್ನ ಇಡುತ್ತಿದ್ದ ವೆಸ್ಟರ್‌ಬೋರ್ಕ್ ಶಿಬಿರ. ಅಲ್ಲಿ ಅಡಗಿದ್ದು ಸಿಕ್ಕವರನ್ನು ಅಪರಾಧಿಗಳೆಂದು 67ನೇ ಶಿಕ್ಷಾ ಬ್ಯಾರಕ್ಕಿಗೆ ಹಾಕಿ, ಮುಂದಿನ ರೈಲಿಗೆ ಅವರನ್ನೇ ಮೊದಲು ಸೇರಿಸುತ್ತಿದ್ದರು. ಮಾರ್ಚ್‌ನಿಂದ ಜುಲೈವರೆಗೆ ಮಂಗಳವಾರದ ರೈಲುಗಳು ಬಹುತೇಕ ಹೋದದ್ದು ಪೋಲೆಂಡಿನಲ್ಲಿದ್ದ ನಾಜಿಗಳ ಹತ್ಯಾ ಶಿಬಿರ ಸೋಬಿಬೋರ್‌ಗೆ. ಒಯ್ದ 34,000ಕ್ಕೂ ಹೆಚ್ಚು ಜನರಲ್ಲಿ ಬದುಕುಳಿದವರು 18 ಮಂದಿ. ಈ ಲೆಕ್ಕ ನಮಗೆ ಗೊತ್ತು, ಪಾತ್ರಗಳಿಗೆ ಗೊತ್ತಿರಲಿಲ್ಲ. ಅವರ ಬಾಯಲ್ಲಿ ‘ಪೋಲೆಂಡಿಗೆ, ಕೆಲಸಕ್ಕೆ’ ಎಂಬ ಮಾತಷ್ಟೇ ಬರಬೇಕು. ದ್ರೋಹ ಬಗೆದ ಗೆಳತಿಗೂ ಪೂರ್ತಿ ಸತ್ಯ ತಿಳಿಯುವುದು 1945ರಲ್ಲಿ, ಯುದ್ಧ ಮುಗಿದ ಮೇಲೆ.