ಕಣಕುಂಬಿಯ ಜವುಗು ಮಣ್ಣು, ಉದ್ಯಮಬಾಗದ ಕುಲುಮೆ: ನನ್ನ ಅನುಭವ

ಜವುಗು ಮಣ್ಣಿನಲ್ಲಿ ಗಿಡದ ಅಂಶ (ಸಾವಯವ ವಸ್ತು) ಎಷ್ಟಿದೆ ಅಂತ ನಾನೇ ಸುಟ್ಟು ಅಳೆಯುತ್ತಿದ್ದೇನೆ. ತಾಳೆ ನೋಡಲು ಲ್ಯಾಬಿಗೆ ಕೊಟ್ಟಿದ್ದ ಆರು ಸ್ಯಾಂಪಲ್‌ಗಳ ರಿಪೋರ್ಟ್ ಕಳೆದ ವಾರ ಬಂತು. ನನ್ನ ಲೆಕ್ಕಕ್ಕೂ ಅದಕ್ಕೂ ಹೆಚ್ಚೆಂದರೆ ಶೇ. 2 ವ್ಯತ್ಯಾಸ. ಎರಡು ವರ್ಷದಿಂದ "ಸರ, ಕೆಸರು ಸುಟ್ಟು ಏನ್ ಸಿಗತೈತ್ರಿ?" ಎಂದು ಕೇಳುತ್ತಿದ್ದವರಿಗೆಲ್ಲ ಆ ಹಾಳೆ ತೋರಿಸಿದ್ದೇನೆ. ಮಣ್ಣಿನ ಕೆಲಸ ಮಾಡುವ ಉಳಿದವರಿಗೂ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಖಾನಾಪುರ ತಾಲೂಕಿನ ಕಣಕುಂಬಿ ಕಡೆ, ಮಲಪ್ರಭೆ ಹುಟ್ಟುವ ಭಾಗ. ಎರಡು ಗುಡ್ಡದ ನಡುವೆ ಒಂದು ತಗ್ಗು. ಬೇಸಿಗೆಯಲ್ಲೂ ಕಾಲಿಟ್ಟರೆ ಮೊಣಕಾಲವರೆಗೆ ಹೂತು ಹೋಗುತ್ತದೆ. ನಮ್ಮ ಕಾಲುವೆ ಕೆಳಗಿನ ಸವಳು-ಜವಳು ಬೇರೆ, ಇದು ಬೇರೆ. ಇಲ್ಲಿ ಉಪ್ಪಿನ ಸುಳಿವೇ ಇಲ್ಲ. ಹುಲ್ಲು, ಜೊಂಡು ಸತ್ತು ನೀರಿನಡಿ ಬೀಳುತ್ತವೆ, ಗಾಳಿ ಸಿಗದೆ ಅರ್ಧಂಬರ್ಧ ಕೊಳೆತು ಅಲ್ಲೇ ಕೂರುತ್ತವೆ. ಪೀಟ್, ಅಂದರೆ ಹೀಗೆ ಅರೆಕೊಳೆತ ಗಿಡಗಳೇ ಪದರವಾಗಿ ಕೂತ ಮಣ್ಣು, ಆಗುವುದೂ ಹೀಗೇ ಅಲ್ವಾ. ಭೂಮಿಯ ನೆಲದಲ್ಲಿ ಪೀಟ್ ಇರುವುದು ಶೇ. 3ರಷ್ಟು ಮಾತ್ರ, ಆದರೆ ಅದರಲ್ಲಿರುವ ಕಾರ್ಬನ್ ಜಗತ್ತಿನ ಎಲ್ಲ ಕಾಡಿನ ಮರಗಳಲ್ಲಿ ಇರುವುದಕ್ಕಿಂತ ಜಾಸ್ತಿ. ನನಗೆ ಇದರ ಹುಚ್ಚು ಹತ್ತಿದ್ದು ನೀಲಗಿರಿಯ ಕೆಲಸ ಓದಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ಅಲ್ಲಿನ ಪೀಟ್‌ನಿಂದ ಸುಮಾರು 20,000 ವರ್ಷದ ಮಳೆಯ ಕಥೆ ತೆಗೆದರು. ನಮ್ಮ ಜೋಳ, ಕಬ್ಬಿನ ಥರದ ಗಿಡಕ್ಕೂ ಭತ್ತದ ಥರದ ಗಿಡಕ್ಕೂ ಕಾರ್ಬನ್‌ನ ಗುರುತು ಬೇರೆ. ಒಣ ಕಾಲದಲ್ಲಿ ಮೊದಲನೆಯದು ಜಾಸ್ತಿ, ಮಳೆ ಚೆನ್ನಾಗಿದ್ದಾಗ ಎರಡನೆಯದು. ಆ ಗುರುತು ಸಾವಿರಾರು ವರ್ಷ ಕೆಸರಿನಲ್ಲಿ ಹಾಗೇ ಉಳಿದಿತ್ತು. ಅದನ್ನು ಓದಿದ ಮೇಲೆ ನಮ್ಮ ಜಿಲ್ಲೆಯ ಜವುಗನ್ನು ನೋಡದೆ ಇರಲಾಗಲಿಲ್ಲ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಮೂರು ಇಂಚಿನ ಪಿವಿಸಿ ಪೈಪ್ ಬಡಿದು ಇಳಿಸಿದೆವು. 80 ಸೆಂಟಿಮೀಟರ್ ಇಳಿದರೆ ಒಳಗಿದ್ದ ಮಣ್ಣು 50 ಚಿಲ್ಲರೆ, ಪೂರಾ ಒತ್ತಿಹೋಗಿತ್ತು. ಆಳದ ಲೆಕ್ಕವೇ ತಪ್ಪಿದ ಮೇಲೆ ಮುಂದಿನದ್ದೆಲ್ಲ ಸುಮ್ನೆ. ಆಮೇಲೆ ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ರಷ್ಯನ್ ಕೋರರ್ (ಕೆಸರನ್ನು ಒತ್ತದೆ ಹೊರತೆಗೆಯುವ ಸಾಧನ) ಮಾದರಿಯದ್ದೇ ಮಾಡಿಸಿದೆ. ಅರ್ಧ ಸೀಳಿದ ಸ್ಟೀಲ್ ಪೈಪು, ಪಕ್ಕಕ್ಕೊಂದು ರೆಕ್ಕೆ. ಇಳಿಸಿ ಅರ್ಧ ಸುತ್ತು ತಿರುಗಿಸಿದರೆ ರೆಕ್ಕೆ ಕೆಸರಿನಲ್ಲಿ ನಿಲ್ಲುತ್ತದೆ, ಪೈಪು ಮಣ್ಣನ್ನು ಕತ್ತರಿಸಿ ತುಂಬಿಕೊಳ್ಳುತ್ತದೆ. ಮೂರು ಸಾವಿರದ ಮೇಲೆ ಸ್ವಲ್ಪ ಬಿತ್ತು. ಜೊಂಡಿನ ಬೇರು ಸಿಕ್ಕಿಹಾಕಿಕೊಳ್ಳದ ಹಾಗೆ ಅಂಚನ್ನು ಹೇಗೆ ಮಸೆಯಬೇಕು ಅನ್ನುವುದು ಮಾತ್ರ ಇಲ್ಲಿ ಹೇಳುವುದಿಲ್ಲ. ಆರು ತಿಂಗಳ ಕಷ್ಟ ಅದು, ಜಾಗಕ್ಕೆ ಬಂದವರಿಗೆ ತೋರಿಸುತ್ತೇನೆ.

ಸುಡುವ ವಿಷಯ. ಮಣ್ಣನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ, ಆಮೇಲೆ ಸುಟ್ಟರೆ ಗಿಡದ ಅಂಶ ಉರಿದು ಹೋಗುತ್ತದೆ. ಎಷ್ಟು ತೂಕ ಇಳಿಯಿತೋ ಅದೇ ಸಾವಯವ ಅಂಶ, ಕಾರ್ಬನ್ ಲೆಕ್ಕವೂ ಅದರಿಂದಲೇ. ಲ್ಯಾಬ್ ಒಂದು ಸ್ಯಾಂಪಲ್‌ಗೆ 900 ಕೇಳಿತು, ನನ್ನ ಹತ್ತಿರ 60 ಇದ್ದವು. 54,000 ಎಲ್ಲಿಂದ ತರಲಿ? ಹಳೆಯ ವಿದ್ಯಾರ್ಥಿಯೊಬ್ಬ ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿದ್ದಾನೆ. ಅಲ್ಲಿ ಉಕ್ಕನ್ನು ಹದ ಮಾಡುವ ಟೆಂಪರಿಂಗ್ ಕುಲುಮೆಯನ್ನು 550 ಡಿಗ್ರಿಗೆ ನಿಲ್ಲಿಸಬಹುದು, ನಮಗೆ ಬೇಕಾದದ್ದೂ ಅಷ್ಟೇ. ಭಾನುವಾರ ರಾತ್ರಿ ನಾಲ್ಕು ತಾಸು ಸುಡುವುದು, ಕರೆಂಟಿನ ದುಡ್ಡು ನನ್ನದು. ಮೊದಲ ದಿನ ಹೊಗೆ ತುಂಬಿ, "ಸರ್ರ, ಇದು ಕುಲುಮಿ, ಒಲಿ ಅಲ್ರಿ" ಅಂದ. ಅಂದಿನಿಂದ ಮನೆಯ ಹಿತ್ತಲಲ್ಲೇ ಗ್ಯಾಸ್ ಒಲೆ ಮೇಲೆ ಹೊಗೆ ಪೂರ್ತಿ ಹೋಗುವವರೆಗೆ ಕರಕು ಮಾಡಿ ಒಯ್ಯುತ್ತೇನೆ.

ಕಬ್ಬಿಣದ ಬಟ್ಟಲು ಬಳಸಿದ್ದು ದೊಡ್ಡ ತಪ್ಪು. ಕಾದ ಕಬ್ಬಿಣಕ್ಕೆ ಪೊರೆ ಕಟ್ಟಿ ಬಟ್ಟಲಿನ ತೂಕವೇ ಏರಿತು, 14 ಸ್ಯಾಂಪಲ್ ಹೋದವು. ಪಿಂಗಾಣಿ ಕ್ರೂಸಿಬಲ್ 12 ತಂದೆ, ಎರಡು ಸಾವಿರ ಚಿಲ್ಲರೆ. ತೂಕಕ್ಕೆ ಅಕ್ಕಸಾಲಿಗರ ತಕ್ಕಡಿ ಸಾಕು.

ಇಷ್ಟಾದರೂ ಅಂಕಿ ಹೊಂದಲಿಲ್ಲ. ಸಾವಯವ ಅಂಶ ನನ್ನದು ಶೇ. 35, ಲ್ಯಾಬಿನದು 24ರ ಹತ್ತಿರ. ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಇದು ಜಂಬಿಟ್ಟಿಗೆಯ ನಾಡು. ಇಲ್ಲಿನ ಜೇಡಿ ಮತ್ತು ಕಬ್ಬಿಣದ ಖನಿಜಗಳು ತಮ್ಮೊಳಗಿನ ನೀರನ್ನು 105 ಡಿಗ್ರಿಯಲ್ಲಿ ಬಿಡುವುದಿಲ್ಲ, 300ರ ಆಸುಪಾಸಿನಲ್ಲಿ ಮತ್ತು ಅದರ ಮೇಲೆ ಬಿಡುತ್ತವೆ. ಆ ನೀರನ್ನೂ ನಾನು ಸಾವಯವ ಅಂಶ ಅಂತ ಎಣಿಸುತ್ತಿದ್ದೆ. ಜವುಗಿನ ತಳದ ಬೇರಿಲ್ಲದ ಕೆಂಪು ಮಣ್ಣನ್ನು ಬೇರೆ ಸುಟ್ಟೆ. ಅದೇ ಶೇ. 11 ಇಳಿಯಿತು. ಅಷ್ಟನ್ನು ಕಳೆದ ಮೇಲೆ ಲೆಕ್ಕ ಕೂತಿತು. ಮಲೆನಾಡಿನ ಅಂಚಿನಲ್ಲಿ ಕೆಲಸ ಮಾಡುವವರು ಈ ಒಂದು ಮಾತು ಮರೆಯಬೇಡಿ.

ಸಾವಯವ ಅಂಶ ಶೇ. 30 ದಾಟದ್ದರಿಂದ ಇದನ್ನು ಪೀಟ್ ಅನ್ನುವುದಿಲ್ಲ. ಆದರೂ ಕೈಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ಕಡು ಚಹಾದ ಬಣ್ಣದ ನೀರು ಇಳಿಯುತ್ತದೆ, ಅಂಗೈಯಲ್ಲಿ ಹುಲ್ಲಿನ ನಾರು ಉಳಿಯುತ್ತದೆ.

ತಗ್ಗಿನ ಒಂದು ಬದಿಗೆ ಐದು ವರ್ಷದ ಹಿಂದೆ ಭತ್ತಕ್ಕೆಂದು ಬಸಿಗಾಲುವೆ ತೋಡಿದ್ದಾರೆ. ಅಲ್ಲಿನ ನೆಲ ಒಂದು ಗೇಣು ಕುಸಿದಿದೆ. ಮೇಲಿನ 30 ಸೆಂಟಿಮೀಟರ್ ಅಳೆದರೆ ಹಸಿ ಬದಿಯಲ್ಲಿ ಗುಂಟೆಗೆ ಸುಮಾರು ಒಂದೂವರೆ ಟನ್ ಕಾರ್ಬನ್, ಬಸಿದ ಬದಿಯಲ್ಲಿ ಒಂದೂಕಾಲು. ಅಷ್ಟೇನಾ ಅನಿಸುತ್ತದೆ. ಆದರೆ ಕುಸಿದ ಮಣ್ಣು ಗಟ್ಟಿಯಾಗಿರುತ್ತದೆ, ಅದೇ ಆಳದಲ್ಲಿ ಜಾಸ್ತಿ ಮಣ್ಣು ಬರುತ್ತದೆ. ಆಳ ಬಿಟ್ಟು ಎರಡೂ ಬದಿಯ ಮಣ್ಣಿನ ಒಣ ತೂಕ ಸಮ ಮಾಡಿ ನೋಡಿದರೆ ಬಸಿದ ಬದಿಯಲ್ಲಿ ಒಂದು ಟನ್‌ಗೂ ಕಡಿಮೆ. ಗುಂಟೆಗೆ ಅರ್ಧ ಟನ್‌ಗಿಂತ ಜಾಸ್ತಿ ಗಾಳಿಗೆ ಹೋಗಿದೆ. ಆ ಲೆಕ್ಕ ಮುಂದಿಟ್ಟುಕೊಂಡು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಎಲ್ಲಿ ಬೇಗ ಕೊಳೆಯುತ್ತದೆ ನೋಡಲು ಮಾಂಜರಪಾಟ (ಒರಟು ಹತ್ತಿ) ಬಟ್ಟೆಯ ಪಟ್ಟಿಗಳನ್ನು ಎರಡೂ ಬದಿಗೆ ಹೂತೆ. ಎರಡು ತಿಂಗಳಿಗೆ ತೆಗೆದರೆ ಬಸಿದ ಬದಿಯ ಪಟ್ಟಿ ಎತ್ತುವಾಗಲೇ ಹರಿದು ನಾಲ್ಕು ಎಳೆ ಕೈಗೆ ಬಂತು. ಹಸಿ ಬದಿಯದು ಕಪ್ಪಾಗಿತ್ತು, ಜಗ್ಗಿದರೂ ಹರಿಯಲಿಲ್ಲ. ಹೊಲದ ಯಜಮಾನರು ನನ್ನ ಅಂಕಿಗಳನ್ನು ಸುಮ್ಮನೆ ಕೇಳಿದ್ದರು, ಈ ಎರಡು ಪಟ್ಟಿ ಮಾತ್ರ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಹಂಗಾದ್ರ ಮಣ್ಣೂ ಹಿಂಗ ಕರಗಾಕತ್ತೈತಿ ಅನ್ರಿ" ಅಂದರು. ಈ ಮಳೆಗೆ ಮುಂಚೆ ಬಸಿಗಾಲುವೆಯ ಬಾಯಿಗೆ ಮರಳು ಚೀಲ ಹಾಕಿಸಿದ್ದಾರೆ. ಚೀಲದ ಹಿಂದೆ ಹೊಸ ಪಟ್ಟಿಗಳನ್ನು ಹೂತಿದ್ದೇನೆ, ದೀಪಾವಳಿಗೆ ತೆಗೆಯುತ್ತೇನೆ.